ಬಹುಭಾಷಿಕ ವಿದ್ಯಾರ್ಥಿಗಳ ಶೈಕ್ಷಣಿಕ ಬರವಣಿಗೆಗೆ ಬೆಂಬಲ: ದಾವಣಗೆರೆ–ಚಿತ್ರದುರ್ಗದ ಅಧ್ಯಾಪಕರಿಗೊಂದು ಸಮಗ್ರ ಮಾರ್ಗದರ್ಶಿ

ದಾವಣಗೆರೆಯ ಯಾವುದೇ ಸ್ನಾತಕೋತ್ತರ ತರಗತಿಯಲ್ಲಿ ಮೊದಲ ಬೆಂಚಿನಿಂದ ಕೊನೆಯ ಬೆಂಚಿನವರೆಗೆ ನಡೆದುಹೋದರೆ ನಾಲ್ಕೈದು ಮನೆಮಾತುಗಳು ಎದುರಾಗುತ್ತವೆ. ಮೊಳಕಾಲ್ಮುರು, ಚಳ್ಳಕೆರೆ, ಜಗಳೂರಿನ ಕಡೆಯಿಂದ ಬಂದವರಲ್ಲಿ ಹಲವರು ಮನೆಯಲ್ಲಿ ತೆಲುಗು ಆಡುತ್ತಾರೆ. ಹೊನ್ನಾಳಿ, ನ್ಯಾಮತಿ, ಚನ್ನಗಿರಿಯ ತಾಂಡಾಗಳಿಂದ ಬಂದವರದು ಲಂಬಾಣಿ. ದಾವಣಗೆರೆ, ಹರಿಹರ, ಚಿತ್ರದುರ್ಗ ಪಟ್ಟಣಗಳ ಅನೇಕ ಮನೆಗಳಲ್ಲಿ ಉರ್ದು. ಇನ್ನು ಕನ್ನಡವೇ ಮನೆಮಾತಾದವರಲ್ಲಿಯೂ ಹರಿಹರದ ಕನ್ನಡ ಬೇರೆ, ಹೊಸದುರ್ಗದ ಕನ್ನಡ ಬೇರೆ. ಇವರೆಲ್ಲರೂ ಸೆಮಿಸ್ಟರಿನ ಕೊನೆಗೆ ಒಂದೇ ಬಗೆಯ ಗ್ರಾಂಥಿಕ ಕನ್ನಡದಲ್ಲಿ, ಅಥವಾ ಪದವಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದಿದ್ದರೂ ಇಂಗ್ಲಿಷಿನಲ್ಲಿ, ಅಸೈನ್‌ಮೆಂಟು, ಸೆಮಿನಾರು ಲೇಖನ, ಕಿರುಪ್ರಬಂಧಗಳನ್ನು ಬರೆದು ಒಪ್ಪಿಸಬೇಕು.

ಹೀಗೆ ಒಪ್ಪಿಸಿದ್ದನ್ನು ಕೆಂಪು ಶಾಯಿಯಲ್ಲಿ ತಿದ್ದಿ ಹಿಂದಿರುಗಿಸುವುದನ್ನೇ ನಾವು ಬಹುಕಾಲ ನೆರವು ಎಂದು ತಿಳಿದಿದ್ದೆವು. ವೃತ್ತಿಯ ಆರಂಭದ ವರ್ಷಗಳಲ್ಲಿ ನಾನು ಒಬ್ಬ ವಿದ್ಯಾರ್ಥಿಯ ಕಿರುಪ್ರಬಂಧದ ಪ್ರತಿ ಪುಟವನ್ನೂ ಸಾಲುಸಾಲಾಗಿ ತಿದ್ದಿ ಕೊಟ್ಟಿದ್ದೆ. ಎರಡು ವಾರಗಳ ನಂತರ ಆತ ತಂದ ಪ್ರತಿಯಲ್ಲಿ ವ್ಯಾಕರಣದ ತಪ್ಪುಗಳು ಬಹುತೇಕ ಇರಲಿಲ್ಲ. ಆದರೆ ಮೊದಲ ಕರಡಿನಲ್ಲಿದ್ದ, ಅವನದೇ ಆದ ಎರಡು ಒಳ್ಳೆಯ ವಾದಗಳೂ ಇರಲಿಲ್ಲ. ಏಕೆ ತೆಗೆದೆ ಎಂದು ಕೇಳಿದರೆ, "ಅಲ್ಲೇ ಜಾಸ್ತಿ ಕೆಂಪಿತ್ತು ಸರ್, ತಪ್ಪಿರಬೇಕು ಅಂತ ಬಿಟ್ಟೆ" ಎಂದ. ಸ್ವಂತ ವಿಚಾರವನ್ನು ಹೇಳಲು ಹೊರಟ ಕಡೆಯಲ್ಲಿಯೇ ಭಾಷೆ ತೊಡರುತ್ತದೆ, ಪುಸ್ತಕದಿಂದ ಎತ್ತಿಕೊಂಡ ವಾಕ್ಯದಲ್ಲಿ ತೊಡರುವುದಿಲ್ಲ ಎಂಬ ಸರಳ ಸಂಗತಿ ನನಗೆ ಅಂದು ಅರ್ಥವಾಯಿತು. ಬರೆದು ಮುಗಿದ ಮೇಲೆ ತಿದ್ದುವುದಕ್ಕಿಂತ ಬರೆಯುವ ಮೊದಲು ಮತ್ತು ಬರೆಯುತ್ತಿರುವಾಗ ಜೊತೆಗಿರುವುದೇ ನಿಜವಾದ ಬೆಂಬಲ ಎಂಬ ನಂಬಿಕೆಯಿಂದ ಈ ಹಂತಗಳನ್ನು ಬರೆಯುತ್ತಿದ್ದೇನೆ. ಇವು ಮುಖ್ಯವಾಗಿ ಸಮಾಜವಿಜ್ಞಾನ, ವಾಣಿಜ್ಯ ಮತ್ತು ಮಾನವಿಕ ವಿಷಯಗಳ ಅಧ್ಯಾಪಕರಿಗಾಗಿ ಇವೆ. ವಿಜ್ಞಾನದವರಿಗೂ ಹೆಚ್ಚಿನವು ಹೊಂದುತ್ತವೆ.

ಹಂತ 1: ತರಗತಿಯ ಭಾಷೆಗಳನ್ನು ತಿಳಿದುಕೊಳ್ಳಿ

ಸೆಮಿಸ್ಟರಿನ ಮೊದಲ ವಾರದಲ್ಲಿ ಒಂದು ಪುಟದ ಭಾಷಾ ವಿವರವನ್ನು ಪ್ರತಿಯೊಬ್ಬರಿಂದಲೂ ಬರೆಸಿಕೊಳ್ಳಿ. ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ, ಹತ್ತನೇ ತರಗತಿ, ಪಿಯುಸಿ, ಪದವಿಗಳನ್ನು ಯಾವ ಮಾಧ್ಯಮದಲ್ಲಿ ಓದಿದಿರಿ, ಒಂದು ಕಷ್ಟದ ವಿಷಯವನ್ನು ಗೆಳೆಯರಿಗೆ ವಿವರಿಸಬೇಕಾದರೆ ಯಾವ ಭಾಷೆ ತಾನಾಗಿ ಬರುತ್ತದೆ, ಪರೀಕ್ಷೆಯ ಹೊರಗೆ ಒಂದು ಪುಟಕ್ಕಿಂತ ಹೆಚ್ಚು ಸ್ವಂತವಾಗಿ ಬರೆದದ್ದು ಯಾವಾಗ ಎಂಬ ನಾಲ್ಕು ಪ್ರಶ್ನೆಗಳು ಸಾಕು. ಕೊನೆಯ ಪ್ರಶ್ನೆಗೆ ಬರುವ ಉತ್ತರವೇ ಬಹುಮಟ್ಟಿಗೆ ಕಣ್ಣು ತೆರೆಸುತ್ತದೆ, ಏಕೆಂದರೆ ಗೈಡು ಪುಸ್ತಕದ ಉತ್ತರವನ್ನು ಬಾಯಿಪಾಠ ಮಾಡಿ ಬರೆದದ್ದನ್ನು ಬಿಟ್ಟರೆ ಎಂದೂ ಬರೆದಿಲ್ಲ ಎನ್ನುವವರು ಪ್ರತಿ ವರ್ಷವೂ ಇರುತ್ತಾರೆ.

ಈ ಪುಟದ ಹಿಂಬದಿಯಲ್ಲಿ ಹತ್ತು ನಿಮಿಷ, ತಮಗೆ ಬೇಕಾದ ಭಾಷೆಯಲ್ಲಿ, ತಮ್ಮ ಊರಿನ ಒಂದು ಕಸುಬಿನ ಬಗ್ಗೆ ಬರೆಯಲು ಹೇಳಿ. ಲಂಬಾಣಿಗೆ ತನ್ನದೇ ಲಿಪಿಯಿಲ್ಲದಿರುವುದರಿಂದ ಆ ವಿದ್ಯಾರ್ಥಿಗಳು ಕನ್ನಡ ಲಿಪಿಯಲ್ಲಿ ಬರೆಯಬಹುದು. ನಿಮಗೆ ಆ ಭಾಷೆ ಓದಲು ಬಾರದಿದ್ದರೂ ಅಡ್ಡಿಯಿಲ್ಲ. ಎಷ್ಟು ಸಾಲು ಬಂತು, ಎಲ್ಲಿ ತಡವರಿಸಿ ಕಾಟು ಹಾಕಿದ್ದಾರೆ ಎಂಬುದೇ ಸಾಕಷ್ಟು ಹೇಳುತ್ತದೆ. ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಎರಡೆರಡೇ ಸಾಲು ಬರೆಯುವ ವಿದ್ಯಾರ್ಥಿಗೆ ಬೇಕಾದ ನೆರವು ಬೇರೆ. ಕನ್ನಡದಲ್ಲಿ ಪುಟ ತುಂಬಿಸಿ ಇಂಗ್ಲಿಷಿನಲ್ಲಿ ಕೈಕಟ್ಟಿ ಕೂರುವವರಿಗೆ ಬೇಕಾದುದೇ ಬೇರೆ.

ಇಲ್ಲಿ ಒಂದು ಎಚ್ಚರ ಬೇಕು. ನಮ್ಮ ಜಿಲ್ಲೆಗಳಲ್ಲಿ ಮನೆಮಾತನ್ನು ಕೇಳುವುದೆಂದರೆ ಅನೇಕ ವೇಳೆ ಜಾತಿ, ಧರ್ಮಗಳನ್ನು ಕೇಳಿದಂತೆಯೇ ಆಗುತ್ತದೆ. ಆದುದರಿಂದ ಈ ಮಾಹಿತಿಯನ್ನು ತರಗತಿಯಲ್ಲಿ ಎದ್ದು ನಿಲ್ಲಿಸಿ ಕೇಳಬೇಡಿ, ಗಟ್ಟಿಯಾಗಿ ಓದಬೇಡಿ, ಬೇರೆಯವರ ಕೈಗೆ ಕೊಡಬೇಡಿ. ಬರೆಯಲು ಇಷ್ಟವಿಲ್ಲದವರನ್ನು ಒತ್ತಾಯಿಸಬೇಡಿ.

ಒಂದು ಭಾಷೆಯ ನೆಲದಲ್ಲಿ ನಿಂತು ಮತ್ತೊಂದು ಭಾಷೆಯಲ್ಲಿ ಬರೆಯುವುದು ಈ ಸೀಮೆಗೆ ಹೊಸತಲ್ಲ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ಶಾಸನತಜ್ಞ ಬಿ. ಎಲ್. ರೈಸ್ ಗುರುತಿಸಿದ ಅಶೋಕನ ಕಿರು ಶಿಲಾಶಾಸನವು ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ, ಅಂದರೆ ಅಲ್ಲಿನ ಅಧಿಕಾರಿಗಳಿಗೆ, ಕಳುಹಿಸಿದ ಸಂದೇಶ. ಅದರ ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಕೊನೆಯಲ್ಲಿ ಅದನ್ನು ಬರೆದ ಚಪಡ ಎಂಬ ಲಿಪಿಕಾರ ತನ್ನ ವೃತ್ತಿಯ ಹೆಸರನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಭಾಷಾ ವಿವರ ಬರೆಸುವ ದಿನ ನಾನು ಈ ಶಾಸನದ ಚಿತ್ರವನ್ನು ತೋರಿಸುತ್ತೇನೆ. ತಮ್ಮ ಜಿಲ್ಲೆಯ ಕಲ್ಲಿನ ಮೇಲೆ ಎರಡು ಲಿಪಿಗಳಿರುವುದನ್ನು ಕಂಡ ಮೇಲೆ, ಮನೆಮಾತನ್ನು ಬರೆಯಲು ಹಿಂಜರಿಯುತ್ತಿದ್ದವರ ಪೆನ್ನು ಸ್ವಲ್ಪ ಸಡಿಲವಾಗುತ್ತದೆ.

ಹಂತ 2: ಆಡುವ ಭಾಷೆಯಿಂದ ಬರೆಯುವ ಭಾಷೆಯನ್ನು ಅಳೆಯಬೇಡಿ

ಕೆನಡಾದ ಶಿಕ್ಷಣತಜ್ಞ ಜಿಮ್ ಕಮಿನ್ಸ್ 1979ರಲ್ಲಿ ಭಾಷಾ ಸಾಮರ್ಥ್ಯವನ್ನು ಎರಡಾಗಿ ವಿಂಗಡಿಸಿ ತೋರಿಸಿದರು: ದಿನನಿತ್ಯದ ಮಾತುಕತೆಗೆ ಬೇಕಾದ ಭಾಷೆ ಒಂದು, ಓದು ಬರಹಗಳಲ್ಲಿ ವಿಚಾರವನ್ನು ಬಿಡಿಸಿ ಜೋಡಿಸಲು ಬೇಕಾದ ಭಾಷೆ ಇನ್ನೊಂದು. ವಲಸೆ ಬಂದ ಮಕ್ಕಳ ಕುರಿತ ಅಧ್ಯಯನಗಳಲ್ಲಿ ಮೊದಲನೆಯದು ಸುಮಾರು 2 ವರ್ಷಗಳಲ್ಲಿ ಕೈಗೂಡಿದರೆ ಎರಡನೆಯದಕ್ಕೆ 5ರಿಂದ 7 ವರ್ಷಗಳೇ ಬೇಕಾದವು. ಒಂದು ಭಾಷೆಯಲ್ಲಿ ಬೆಳೆಸಿಕೊಂಡ ವಿಚಾರಶಕ್ತಿ ಮತ್ತೊಂದು ಭಾಷೆಗೂ ಒದಗಿಬರುತ್ತದೆ ಎಂಬುದು ಅವರ ಇನ್ನೊಂದು ಮುಖ್ಯ ಮಾತು.

ನಮ್ಮಲ್ಲಿ ಇದರಿಂದ ಆಗುವ ತಪ್ಪು ತೀರ್ಮಾನಗಳು ಎರಡು ಬಗೆಯವು. ಪಟಪಟನೆ ಇಂಗ್ಲಿಷ್ ಮಾತನಾಡುವ ವಿದ್ಯಾರ್ಥಿಗೆ ಬರವಣಿಗೆಯ ನೆರವು ಬೇಕಿಲ್ಲವೆಂದು ಬಿಟ್ಟುಬಿಡುತ್ತೇವೆ. ಕನ್ನಡ ಮಾಧ್ಯಮದಿಂದ ಬಂದು ಸುಮ್ಮನೆ ಕೂರುವವನಿಗೆ ವಿಷಯವೇ ತಿಳಿದಿಲ್ಲವೆಂದುಕೊಳ್ಳುತ್ತೇವೆ. ಕನ್ನಡದಲ್ಲಿಯೂ ಹಾಗೆಯೇ. ಚೆನ್ನಾಗಿ ಕನ್ನಡ ಆಡುವ ಹುಡುಗಿ "ಪರಿಕಲ್ಪನೆ", "ಪೂರ್ವಾಧ್ಯಯನ", "ಸಮರ್ಥನೆ" ಎಂಬ ಪದಗಳ ಮುಂದೆ ತಡವರಿಸಿದರೆ ಅದು ಆಕೆಯ ದಡ್ಡತನವಲ್ಲ. ಗ್ರಾಂಥಿಕ ಕನ್ನಡವನ್ನೂ ಎಲ್ಲರೂ ಕಲಿತೇ ಪಡೆಯಬೇಕು. ಹುಟ್ಟಿನಿಂದ ಅದು ಯಾರಿಗೂ ಬಂದಿರುವುದಿಲ್ಲ.

ಹಂತ 3: ಮೊದಲು ನಿಮ್ಮ ಪ್ರಶ್ನೆಯನ್ನು ತಿದ್ದಿಕೊಳ್ಳಿ

"ದಾವಣಗೆರೆಯ ಮಂಡಕ್ಕಿ ಉದ್ಯಮದ ಸಮಸ್ಯೆಗಳನ್ನು ಚರ್ಚಿಸಿ" ಎಂಬ ಅಸೈನ್‌ಮೆಂಟು ಪ್ರಶ್ನೆಯನ್ನು ಗಮನಿಸಿ. ಯಾರಿಗಾಗಿ ಬರೆಯಬೇಕು, ಎಷ್ಟು ಬರೆಯಬೇಕು, ಯಾವ ಬಗೆಯ ಆಧಾರ ಬೇಕು, ಚರ್ಚೆ ಎಂದರೆ ಏನು ಎಂಬ ಯಾವುದೂ ಇದರಲ್ಲಿಲ್ಲ. ಇವನ್ನೆಲ್ಲ ಊಹಿಸಿಕೊಳ್ಳಬಲ್ಲವರು, ಮೊದಲೇ ಇಂಥದ್ದನ್ನು ಓದಿ ಬೆಳೆದ ಮನೆಯವರು ಮಾತ್ರ. ಉಳಿದವರು ಅಂತರ್ಜಾಲದಿಂದ "ಸಮಸ್ಯೆಗಳು" ಎಂಬ ತಲೆಬರಹದಡಿ ಹತ್ತು ಅಂಶಗಳನ್ನು ಇಳಿಸಿಕೊಳ್ಳುತ್ತಾರೆ.

ಅದನ್ನೇ ಹೀಗೆ ಕೇಳಬಹುದು: "ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಕುಟುಂಬದ ಆದಾಯ ವರ್ಷವಿಡೀ ಒಂದೇ ಸಮನಾಗಿರುತ್ತದೆಯೇ? ಇಲ್ಲವೆಂದಾದರೆ ಯಾವ ಕಾರಣಕ್ಕೆ? ಕನಿಷ್ಠ ಮೂರು ಕುಟುಂಬಗಳನ್ನು ಮಾತನಾಡಿಸಿ, ಅಸಂಘಟಿತ ವಲಯದ ಕೂಲಿಯ ಬಗ್ಗೆ ತರಗತಿಯಲ್ಲಿ ಓದಿದ ಎರಡು ಲೇಖನಗಳೊಡನೆ ಹೋಲಿಸಿ, ಈ ಉದ್ಯಮದ ಪರಿಚಯವಿಲ್ಲದ ಓದುಗರಿಗಾಗಿ 1200 ಪದಗಳಲ್ಲಿ ಬರೆಯಿರಿ." ಪ್ರಶ್ನೆ ಉದ್ದವಾಯಿತು, ನಿಜ. ಆದರೆ ಉತ್ತರದ ಹಾದಿ ಅದರಲ್ಲಿಯೇ ಇದೆ, ಮತ್ತು ಇದನ್ನು ಎಲ್ಲಿಂದಲೂ ಇಳಿಸಿಕೊಳ್ಳಲು ಬರುವುದಿಲ್ಲ.

ಪ್ರಶ್ನೆಯ ಕ್ರಿಯಾಪದಗಳಿಗೆ ಒಂದು ತರಗತಿಯನ್ನೇ ಮೀಸಲಿಡಿ. "ವಿವರಿಸಿ" ಎಂದರೆ ಏನಿದೆ, ಹೇಗಿದೆ ಎಂದು ಹೇಳುವುದು. "ವಿಶ್ಲೇಷಿಸಿ" ಎಂದರೆ ಬಿಡಿಸಿ ನೋಡಿ, ಭಾಗಗಳ ನಡುವಿನ ನಂಟನ್ನು ತೋರಿಸುವುದು. "ವಿಮರ್ಶಿಸಿ" ಎಂದರೆ ಬೈಯುವುದೂ ಅಲ್ಲ, ಹೊಗಳುವುದೂ ಅಲ್ಲ, ಆಧಾರಸಹಿತವಾಗಿ ಬೆಲೆ ಕಟ್ಟುವುದು. ಒಂದೇ ವಸ್ತುವನ್ನು ಕೊಟ್ಟು ಮೂರು ಕ್ರಿಯಾಪದಗಳಿಗೆ ಮೂರು ಪುಟ್ಟ ಉತ್ತರಗಳನ್ನು ಬರೆಸಿದರೆ ವ್ಯತ್ಯಾಸ ತಾನಾಗಿ ಮನಸ್ಸಿಗೆ ಬರುತ್ತದೆ.

ಹಂತ 4: ಓದುವುದನ್ನು ಎಲ್ಲ ಭಾಷೆಗಳಿಗೂ ತೆರೆದಿಡಿ

ಬರವಣಿಗೆಯ ಅರ್ಧ ಸಮಸ್ಯೆ ಓದಿನಲ್ಲಿದೆ. ಇಂಗ್ಲಿಷ್ ಲೇಖನವೊಂದನ್ನು ಮೊದಲ ಸಾಲಿನಿಂದ ನಿಘಂಟು ಹಿಡಿದು ಓದಲು ಹೊರಟವರು ಎರಡನೆಯ ಪುಟಕ್ಕೆ ಸೋಲುತ್ತಾರೆ. ಮೂರು ಸುತ್ತಿನ ಓದನ್ನು ರೂಢಿ ಮಾಡಿಸಿ. ಮೊದಲ ಸುತ್ತಿನಲ್ಲಿ ಶೀರ್ಷಿಕೆ, ಸಾರಾಂಶ, ಉಪಶೀರ್ಷಿಕೆ ಮತ್ತು ಕೊನೆಯ ಭಾಗವನ್ನು ಮಾತ್ರ ಓದಿ, ಲೇಖಕರು ಏನು ಹೇಳಹೊರಟಿದ್ದಾರೆ ಎಂದು ತಮ್ಮ ಭಾಷೆಯಲ್ಲಿ ಎರಡು ಸಾಲು ಬರೆಯಬೇಕು. ಎರಡನೆಯ ಸುತ್ತಿನಲ್ಲಿ ಪ್ರತಿ ಪರಿಚ್ಛೇದದ ಬದಿಗೆ ಒಂದು ಮಾತು ಬರೆಯಬೇಕು. ಮೂರನೆಯ ಸುತ್ತಿನಲ್ಲಿ ತಮ್ಮ ಪ್ರಶ್ನೆಗೆ ಬೇಕಾದ ಭಾಗವನ್ನು ಮಾತ್ರ ಪದಪದವಾಗಿ ಓದಬೇಕು.

ಓದಿನ ನಂತರದ ಚರ್ಚೆ ಗುಂಪಿನವರಿಗೆ ಒಗ್ಗುವ ಭಾಷೆಯಲ್ಲಿ ನಡೆಯಲಿ. ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿಯೋ ತೆಲುಗಿನಲ್ಲಿಯೋ ವಾದಿಸಿ ಮತ್ತೆ ಇಂಗ್ಲಿಷಿನಲ್ಲಿ ಬರೆಯಲಿ. ವೇಲ್ಸ್‌ನ ಶಿಕ್ಷಣತಜ್ಞ ಕೆನ್ ವಿಲಿಯಮ್ಸ್ ಅವರು 1990ರ ದಶಕದಲ್ಲಿ ವೆಲ್ಷ್ ಮತ್ತು ಇಂಗ್ಲಿಷ್ ಬಳಸುವ ಶಾಲೆಗಳಲ್ಲಿ ಇದೇ ಕ್ರಮವನ್ನು ಗುರುತಿಸಿ ಹೆಸರಿಟ್ಟರು. ಒಂದು ಭಾಷೆಯಲ್ಲಿ ಪಡೆದುದನ್ನು ಮತ್ತೊಂದರಲ್ಲಿ ಹೇಳಬೇಕಾದಾಗ ಅರ್ಥಮಾಡಿಕೊಳ್ಳದೆ ಗತ್ಯಂತರವಿಲ್ಲ. ಉರು ಹೊಡೆದದ್ದು ಭಾಷೆ ಬದಲಾಯಿಸಿದ ಕೂಡಲೇ ಬಯಲಾಗುತ್ತದೆ.

ಪ್ರತಿಯೊಬ್ಬರೂ ನಾಲ್ಕು ಕಂಬಗಳ ಪದಪುಸ್ತಕವನ್ನಿಟ್ಟುಕೊಳ್ಳಲಿ. ಮೊದಲ ಕಂಬದಲ್ಲಿ ಜನ ಬಳಸುವ ಮಾತು, ಎರಡನೆಯದರಲ್ಲಿ ಶಾಸ್ತ್ರದ ಕನ್ನಡ ಪದ, ಮೂರನೆಯದರಲ್ಲಿ ಇಂಗ್ಲಿಷ್ ಪದ, ನಾಲ್ಕನೆಯದರಲ್ಲಿ ಆ ಪದವನ್ನು ಬಳಸಿ ತಾವೇ ಕಟ್ಟಿದ ಒಂದು ವಾಕ್ಯ. "ಚೀಲದ ಲೆಕ್ಕದ ಕೂಲಿ" ಎಂಬುದರ ಎದುರಿಗೆ "ತುಂಡುಗೂಲಿ", ಅದರ ಮುಂದೆ "ಪೀಸ್ ರೇಟ್" ಎಂದು ಬರೆದುಕೊಂಡ ವಿದ್ಯಾರ್ಥಿಗೆ ತನ್ನ ಓಣಿಯ ಅನುಭವ ಮತ್ತು ಅರ್ಥಶಾಸ್ತ್ರದ ಅಧ್ಯಾಯ ಎರಡೂ ಒಂದೇ ಎಂದು ತಿಳಿಯುವ ಕ್ಷಣ ದೊಡ್ಡದು. ಪಾರಿಭಾಷಿಕ ಪದಗಳಿಗೆ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನವು ನಡೆಸುವ ಭಾರತವಾಣಿ ಜಾಲತಾಣದ ನಿಘಂಟುಗಳನ್ನೂ, 1961ರಲ್ಲಿ ಸ್ಥಾಪನೆಯಾದ ಕೇಂದ್ರದ ವೈಜ್ಞಾನಿಕ ಮತ್ತು ತಾಂತ್ರಿಕ ಶಬ್ದಾವಳಿ ಆಯೋಗದ ಪದಕೋಶಗಳನ್ನೂ ನೋಡಬಹುದು. ಇಂಗ್ಲಿಷಿನಲ್ಲಿ ಬರೆಯುವವರಿಗೆ ಏವ್ರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ, ಎಲ್ಲ ವಿಷಯಗಳ ಶೈಕ್ಷಣಿಕ ಬರಹಗಳಲ್ಲಿಯೂ ಮತ್ತೆ ಮತ್ತೆ ಬರುವ 570 ಪದಕುಟುಂಬಗಳ (ಒಂದೇ ಮೂಲದಿಂದ ಹುಟ್ಟಿದ ಪದಗಳ ಗುಂಪುಗಳ) ಪಟ್ಟಿ ಉಪಯುಕ್ತ. ಅದನ್ನು ಬಾಯಿಪಾಠಕ್ಕೆ ಕೊಡಬೇಡಿ, ಓದಿನಲ್ಲಿ ಎದುರಾದಾಗ ಗುರುತು ಮಾಡಲು ಕೊಡಿ.

ಹಂತ 5: ಮಾದರಿ ತೋರಿಸಿ, ನಂತರ ಜೊತೆಗೂಡಿ ಬರೆಯಿರಿ

ಎಂದೂ ಕಾಣದ ಮನೆಯನ್ನು ಕಟ್ಟು ಎಂದರೆ ಯಾವ ಮೇಸ್ತ್ರಿಯೂ ಕಟ್ಟಲಾರ. ಹಿಂದಿನ ವರ್ಷದ ಮೂರು ಅಸೈನ್‌ಮೆಂಟುಗಳನ್ನು, ಬರೆದವರ ಒಪ್ಪಿಗೆ ಪಡೆದು ಹೆಸರು ತೆಗೆದು, ತರಗತಿಯಲ್ಲಿ ಹಂಚಿ. ಅತ್ಯುತ್ತಮವಾದದ್ದನ್ನು ಮಾತ್ರ ತೋರಿಸಿದರೆ ವಿದ್ಯಾರ್ಥಿಗಳು ಅಂಜುತ್ತಾರೆ. ನಡುಮಟ್ಟದ ಬರಹದಿಂದಲೇ ಹೆಚ್ಚು ಕಲಿಯಲು ಸಿಗುತ್ತದೆ.

ಪೀಠಿಕೆ ಬರೆಯುವುದನ್ನು ಕಲಿಸಲು ಭಾಷಾತಜ್ಞ ಜಾನ್ ಸ್ವೇಲ್ಸ್ 1990ರಲ್ಲಿ ವಿವರಿಸಿದ ಮೂರು ನಡೆಗಳ ಮಾದರಿ ಚೆನ್ನಾಗಿದೆ. ಮೊದಲು ವಿಷಯದ ಕ್ಷೇತ್ರ ಯಾವುದು, ಅದು ಏಕೆ ಮುಖ್ಯ ಎಂದು ಹೇಳುವುದು. ಎರಡನೆಯದಾಗಿ ಇದುವರೆಗಿನ ಅಧ್ಯಯನಗಳು ಎಲ್ಲಿ ಜಾಗ ಬಿಟ್ಟಿವೆ ಎಂದು ತೋರಿಸುವುದು. ಮೂರನೆಯದಾಗಿ ಆ ಜಾಗದಲ್ಲಿ ನನ್ನ ಬರಹ ಏನು ಮಾಡುತ್ತದೆ ಎಂದು ತಿಳಿಸುವುದು. ನಮ್ಮ ವಿದ್ಯಾರ್ಥಿಗಳ ಪೀಠಿಕೆಗಳು ಸಾಮಾನ್ಯವಾಗಿ ಮೊದಲ ನಡೆಯಲ್ಲಿಯೇ ಕಾಲ ಕಳೆದುಬಿಡುತ್ತವೆ. "ಭಾರತವು ಕೃಷಿಪ್ರಧಾನ ದೇಶ" ಎಂದು ಆರಂಭವಾಗಿ ಎರಡು ಪುಟಗಳ ನಂತರವೂ ದಾವಣಗೆರೆಗೆ ಬಂದಿರುವುದಿಲ್ಲ. ಪೀಠಿಕೆಯ ಸಾಲುಗಳಿಗೆ ಮೂರು ಬಣ್ಣದ ಪೆನ್ಸಿಲಿನಿಂದ ಗೆರೆ ಎಳೆಸಿ. ಎರಡನೆಯ ಬಣ್ಣ ಎಲ್ಲಿಯೂ ಇಲ್ಲವೆಂಬುದನ್ನು ಅವರೇ ಕಂಡುಹಿಡಿಯುತ್ತಾರೆ.

ನಂತರ ಕಪ್ಪು ಹಲಗೆಯ ಮೇಲೆ ಒಂದು ಪರಿಚ್ಛೇದವನ್ನು ಇಡೀ ತರಗತಿ ಸೇರಿ ಬರೆಯಿರಿ. ವಿದ್ಯಾರ್ಥಿಗಳು ಯಾವ ಭಾಷೆಯಲ್ಲಿ ಹೇಳಿದರೂ ಸರಿ, ನೀವು ಅದನ್ನು ಗುರಿಭಾಷೆಗೆ, ಅಂದರೆ ಬರೆಯಬೇಕಾದ ಭಾಷೆಗೆ, ತರುತ್ತಾ, ಏಕೆ ಈ ಪದ, ಏಕೆ ಈ ಕ್ರಮ ಎಂದು ಗಟ್ಟಿಯಾಗಿ ಯೋಚಿಸುತ್ತಾ ಬರೆಯಿರಿ. ಅಳಿಸಿ, ಮತ್ತೆ ಬರೆಯಿರಿ. ಅಧ್ಯಾಪಕರೂ ಒಂದೇ ಸಲಕ್ಕೆ ಸರಿಯಾಗಿ ಬರೆಯುವುದಿಲ್ಲ ಎಂಬುದನ್ನು ಕಣ್ಣಾರೆ ನೋಡುವುದು ಅವರಿಗೆ ಬಹಳ ಧೈರ್ಯ ಕೊಡುತ್ತದೆ.

ಹಂತ 6: ಮಾತನ್ನು ಬರಹಕ್ಕೆ ಇಳಿಸುವುದು

ಇಡೀ ಕ್ರಮದ ಹೃದಯ ಇದೇ ಆದುದರಿಂದ ಒಂದು ಪರಿಚ್ಛೇದವನ್ನು ಹತ್ತಿರದಿಂದ ನೋಡೋಣ. ಮಂಡಕ್ಕಿ ಭಟ್ಟಿಯ ಕೆಲಸಗಾರರ ಕುಟುಂಬದಿಂದಲೇ ಬಂದ, ಮನೆಯಲ್ಲಿ ಉರ್ದು ಆಡುವ, ಕನ್ನಡ ಮಾಧ್ಯಮದಲ್ಲಿ ಓದಿದ ವಿದ್ಯಾರ್ಥಿನಿಯೊಬ್ಬಳು ತಂದ ಮೊದಲ ಕರಡು ಹೀಗಿತ್ತು: "ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳು ತುಂಬಾ ಇವೆ. ಕಾರ್ಮಿಕರು ಬಹಳ ಕಷ್ಟಪಡುತ್ತಾರೆ. ಅವರಿಗೆ ಕೂಲಿ ಕಡಿಮೆ. ಸರ್ಕಾರ ಇವರ ಕಡೆಗೆ ಗಮನ ಕೊಡಬೇಕು."

ಇದರಲ್ಲಿ ವ್ಯಾಕರಣದ ತಪ್ಪು ಒಂದೂ ಇಲ್ಲ, ಆದರೆ ವಿಚಾರವೂ ಇಲ್ಲ. ಭಟ್ಟಿಯನ್ನು ಎಂದೂ ಕಾಣದವರು ಬರೆದರೂ ಇಷ್ಟೇ ಬರೆಯುತ್ತಿದ್ದರು. ಕಾಗದವನ್ನು ಪಕ್ಕಕ್ಕಿಟ್ಟು "ಕಷ್ಟ ಅಂದರೆ ಏನಮ್ಮಾ, ಬಿಡಿಸಿ ಹೇಳು" ಎಂದೆ. ಅವಳು ಉರ್ದು ಬೆರೆತ ಕನ್ನಡದಲ್ಲಿ ಹೇಳಿದ್ದರ ಸಾರ ಇದು: "ಚೀಲದ ಲೆಕ್ಕದಾಗೆ ಕೂಲಿ ಕೊಡ್ತಾರೆ ಸರ್. ಮಳೆಗಾಲ ಬಂದ್ರೆ ಒಣಗಿಸೋಕೆ ಬಿಸಿಲೇ ಇರಲ್ಲ. ದಿನಾ ಹೋಗ್ತಾರೆ, ಅಷ್ಟೇ ಹೊತ್ತು ಕೂರ್ತಾರೆ, ಚೀಲ ಆಗಲ್ಲ. ಆವಾಗ ಮಾಲೀಕರ ಹತ್ರ ಮುಂಗಡ ತಗೋತಾರೆ. ತಗೊಂಡ್ಮೇಲೆ ಬೇರೆ ಭಟ್ಟಿಗೆ ಹೋಗಂಗಿಲ್ಲ."

ಐದು ವಾಕ್ಯಗಳಲ್ಲಿ ಕೂಲಿಯ ಪದ್ಧತಿ, ಹಂಗಾಮಿನ ಪರಿಣಾಮ, ಸಾಲ, ದುಡಿಮೆಯ ಬಂಧನ ಎಲ್ಲವೂ ಬಂದವು. ಅವಳ ಮಾತನ್ನು ಅವಳ ಫೋನಿನಲ್ಲಿಯೇ ಧ್ವನಿಮುದ್ರಿಸಿಕೊಂಡು, ಮನೆಗೆ ಹೋಗಿ ಕೇಳಿ ಬರೆದುಕೊಂಡು ಬರಲು ಹೇಳಿದೆ. ಮೂರನೆಯ ಕರಡಿಗೆ ಪರಿಚ್ಛೇದ ಹೀಗಾಯಿತು: "ಭಟ್ಟಿಗಳಲ್ಲಿ ಕೂಲಿಯನ್ನು ದುಡಿದ ಹೊತ್ತಿನ ಬದಲು ತಯಾರಾದ ಚೀಲಗಳ ಲೆಕ್ಕದಲ್ಲಿ ಕೊಡುವುದರಿಂದ, ಒಣಗಿಸಲು ಬಿಸಿಲಿಲ್ಲದ ಮಳೆಗಾಲದಲ್ಲಿ ಕಾರ್ಮಿಕರು ಅಷ್ಟೇ ಹೊತ್ತು ದುಡಿದರೂ ಅವರ ಆದಾಯ ಇಳಿಯುತ್ತದೆ. ಈ ಕೊರತೆಯನ್ನು ತುಂಬಿಕೊಳ್ಳಲು ಮಾಲೀಕರಿಂದ ಪಡೆಯುವ ಮುಂಗಡವು, ಅದು ತೀರುವವರೆಗೆ ಅವರನ್ನು ಅದೇ ಭಟ್ಟಿಗೆ ಕಟ್ಟಿಹಾಕುತ್ತದೆ. ಹೀಗಾಗಿ ಕಡಿಮೆ ಕೂಲಿಯ ಜೊತೆಗೆ ಕೂಲಿಯ ಅನಿಶ್ಚಿತತೆಯೂ ಈ ಕುಟುಂಬಗಳ ಮುಖ್ಯ ಸಮಸ್ಯೆಯಾಗಿದೆ."

ಇಲ್ಲಿ ನಾನು ಸೇರಿಸಿದ್ದು "ಅನಿಶ್ಚಿತತೆ" ಎಂಬ ಒಂದು ಪದ ಮತ್ತು "ಹೀಗಾಗಿ" ಎಂಬ ಜೋಡಣೆ ಮಾತ್ರ. ಉಳಿದದ್ದೆಲ್ಲ ಅವಳ ಬಾಯಲ್ಲಿಯೇ ಇತ್ತು. ಹೇಳಿಸಿ, ಮುದ್ರಿಸಿ, ಬರೆಸಿ, ಆಮೇಲೆ ಪುಸ್ತಕದ ಪದಗಳನ್ನು ಜೋಡಿಸುವ ಈ ಕ್ರಮಕ್ಕೆ ಒಬ್ಬರಿಗೆ ಇಪ್ಪತ್ತು ನಿಮಿಷ ಬೇಕು. ಅರವತ್ತು ಜನರ ತರಗತಿಯಲ್ಲಿ ಎಲ್ಲರಿಗೂ ಅಷ್ಟು ಹೊತ್ತು ಕೊಡಲಾಗದು. ಆದುದರಿಂದ ವಿದ್ಯಾರ್ಥಿಗಳನ್ನು ಜೋಡಿಯಾಗಿ ಕೂರಿಸಿ, ಒಬ್ಬರು ಕೇಳುವವರು, ಒಬ್ಬರು ಹೇಳುವವರಾಗಿ, "ಅಂದರೆ ಏನು?", "ಯಾಕೆ?", "ಆಮೇಲೆ?" ಎಂಬ ಮೂರೇ ಪ್ರಶ್ನೆಗಳನ್ನು ಕೇಳಿಕೊಳ್ಳಲು ಕಲಿಸಿ.

ಇದೇ ಪರಿಚ್ಛೇದವನ್ನು ಇಂಗ್ಲಿಷಿಗೆ ತರುವಾಗ ತೊಡಕುವ ಕಡೆಗಳನ್ನು ಮೊದಲೇ ಹೇಳಿಕೊಡಬೇಕು. ಕನ್ನಡದಲ್ಲಿ "ನೆನೆಸಿ, ಒಣಗಿಸಿ, ಹುರಿದು, ಮಾರುತ್ತಾರೆ" ಎಂದು ಕ್ರಿಯೆಗಳನ್ನು ಸರಪಳಿಯಂತೆ ಪೋಣಿಸಿ ಕೊನೆಯ ಒಂದೇ ಕ್ರಿಯಾಪದದಲ್ಲಿ ವಾಕ್ಯ ಮುಗಿಸುತ್ತೇವೆ. ಅದನ್ನು ಹಾಗೆಯೇ ಇಂಗ್ಲಿಷಿಗೆ ಸುರಿದರೆ ಕರ್ತೃ ಯಾರೆಂಬುದು ಕಳೆದುಹೋಗುತ್ತದೆ. ಕನ್ನಡದಲ್ಲಿ "ಮಾಲೀಕರಿಂದ ಪಡೆದ ಮುಂಗಡ" ಎಂದು ವಿಶೇಷಣ ಮುಂದೆ ಬಂದರೆ ಇಂಗ್ಲಿಷಿನಲ್ಲಿ ಮುಂಗಡದ ಮಾತು ಮೊದಲು, ಪಡೆದ ವಿವರ ಹಿಂದೆ. "ಎ", "ದಿ" ಎಂಬ ಉಪಪದಗಳು ಕನ್ನಡ, ತೆಲುಗುಗಳಲ್ಲಿ ಇಲ್ಲವೇ ಇಲ್ಲವಾದ್ದರಿಂದ ಅವು ಕೊನೆಯವರೆಗೂ ಕಾಡುತ್ತವೆ. ಅವುಗಳ ಬಗ್ಗೆ ತಾಳ್ಮೆಯಿರಲಿ. ನಾವು ಕಾರಣಗಳನ್ನೆಲ್ಲ ಹೇಳಿ ಕೊನೆಗೆ ತೀರ್ಮಾನಕ್ಕೆ ಬರುವುದನ್ನು ರೂಢಿಸಿಕೊಂಡಿದ್ದೇವೆ. ಇಂಗ್ಲಿಷಿನ ಶೈಕ್ಷಣಿಕ ಪರಿಚ್ಛೇದ ತೀರ್ಮಾನವನ್ನು ಸಾಮಾನ್ಯವಾಗಿ ಮೊದಲ ಸಾಲಿನಲ್ಲಿಯೇ ಬಯಸುತ್ತದೆ. ಇವು ಎರಡು ಬೇರೆ ಬೇರೆ ರೂಢಿಗಳೆಂದು ಹೇಳಿ. ಒಂದನ್ನು ತಪ್ಪೆಂದು ಹೇಳಬೇಡಿ.

ಹಂತ 7: ತಿದ್ದುವ ಕ್ರಮ

ಮೊದಲ ಕರಡನ್ನು ಪೆನ್ನು ಕೆಳಗಿಟ್ಟು ಓದಿ. ಏನು ಹೇಳಹೊರಟಿದ್ದಾರೆ, ಆಧಾರವೇನು, ಎಲ್ಲಿ ನಂಟು ತಪ್ಪಿದೆ ಎಂಬುದಕ್ಕೆ ಮಾತ್ರ ಕೊನೆಯಲ್ಲಿ ನಾಲ್ಕು ಸಾಲು ಬರೆಯಿರಿ. ಮೊದಲ ಸಾಲು, ಬರಹದಲ್ಲಿರುವ ಅತ್ಯುತ್ತಮ ವಿಚಾರ ಯಾವುದೆಂದು ಹೆಸರಿಸಲಿ. ಮೇಲೆ ಹೇಳಿದ ನನ್ನ ವಿದ್ಯಾರ್ಥಿಗೆ ಆ ಒಂದು ಸಾಲನ್ನು ಬರೆದಿದ್ದರೆ ಆತ ತನ್ನ ವಾದಗಳನ್ನು ಉಳಿಸಿಕೊಳ್ಳುತ್ತಿದ್ದ. ಈ ಟಿಪ್ಪಣಿಯನ್ನು ವಿದ್ಯಾರ್ಥಿಗೆ ಚೆನ್ನಾಗಿ ಅರ್ಥವಾಗುವ ಭಾಷೆಯಲ್ಲಿಯೇ ಬರೆಯಿರಿ. ಬರಹ ಇಂಗ್ಲಿಷಿನಲ್ಲಿದೆ ಎಂದ ಮಾತ್ರಕ್ಕೆ ಟಿಪ್ಪಣಿಯೂ ಇಂಗ್ಲಿಷಿನಲ್ಲಿರಬೇಕಿಲ್ಲ.

ಭಾಷೆಯ ತಪ್ಪುಗಳು ಎರಡನೆಯ ಅಥವಾ ಮೂರನೆಯ ಕರಡಿನ ಕೆಲಸ. ವ್ಯಾಕರಣದ ತಿದ್ದುಪಡಿಯಿಂದ ಪ್ರಯೋಜನವಿಲ್ಲ, ಅದನ್ನು ಬಿಟ್ಟೇಬಿಡಬೇಕು ಎಂದು ಎರಡನೆಯ ಭಾಷೆಯ ಬರವಣಿಗೆಯನ್ನು ಅಧ್ಯಯನ ಮಾಡಿದ ಜಾನ್ ಟ್ರಸ್ಕಾಟ್ 1996ರಲ್ಲಿ ವಾದಿಸಿದರು. ಅದೇ ಕ್ಷೇತ್ರದ ಡೇನಾ ಫೆರಿಸ್ ಅದನ್ನು ಒಪ್ಪದೆ ಉತ್ತರ ಕೊಟ್ಟರು. ನನ್ನ ಅನುಭವದಲ್ಲಿ, ಎಲ್ಲವನ್ನೂ ತಿದ್ದಿದರೆ ಏನೂ ಉಳಿಯುವುದಿಲ್ಲ, ಮತ್ತೆ ಮತ್ತೆ ಬರುವ ಒಂದೆರಡು ಬಗೆಯ ತಪ್ಪುಗಳನ್ನು ಆರಿಸಿಕೊಂಡರೆ ಉಳಿಯುತ್ತದೆ. ಒಂದು ಪುಟದಲ್ಲಿ ಅವನ್ನು ಗುರುತಿಸಿ, ಉಳಿದ ಪುಟಗಳಲ್ಲಿ ವಿದ್ಯಾರ್ಥಿಯೇ ಹುಡುಕಿ ತಿದ್ದಲಿ.

ತಪ್ಪಿನ ಬೇರು ಮನೆಮಾತಿನಲ್ಲಿದ್ದರೆ ಅದನ್ನು ತಿಳಿದಿರುವುದು ಒಳ್ಳೆಯದು. ತೆಲುಗಿನ ಏಕವಚನದಲ್ಲಿ ಸ್ತ್ರೀಲಿಂಗಕ್ಕೂ ನಪುಂಸಕಕ್ಕೂ ಕ್ರಿಯಾಪದದ ರೂಪ ಒಂದೇ ಆದುದರಿಂದ, ತೆಲುಗು ಮನೆಮಾತಿನವರ ಕನ್ನಡದಲ್ಲಿ "ಅವಳು ಬಂತು" ಎಂಬಂಥ ಪ್ರಯೋಗ ನುಸುಳಬಹುದು. ಉರ್ದುವಿನಲ್ಲಿ ಳಕಾರ, ಣಕಾರಗಳಿಲ್ಲದಿರುವುದರಿಂದ ಆ ವಿದ್ಯಾರ್ಥಿಗಳು "ಬೆಳೆ"ಯನ್ನು "ಬೆಲೆ"ಯಾಗಿ ಬರೆಯುವುದುಂಟು. ಅರ್ಥಶಾಸ್ತ್ರದ ಉತ್ತರದಲ್ಲಿ ಇದು ಅರ್ಥವನ್ನೇ ಬದಲಿಸಿಬಿಡುತ್ತದೆ. ಇನ್ನು ಅಕಾರ, ಹಕಾರಗಳ ಗೊಂದಲ ಮತ್ತು ಅಲ್ಪಪ್ರಾಣ, ಮಹಾಪ್ರಾಣಗಳ ಗೊಂದಲ ಕನ್ನಡವೇ ಮನೆಮಾತಾದವರಿಗೂ ತಪ್ಪಿದ್ದಲ್ಲ. ಕಾರಣವನ್ನು ವಿವರಿಸಿದರೆ ವಿದ್ಯಾರ್ಥಿಗೆ ನಾಚಿಕೆ ಕಡಿಮೆಯಾಗಿ ಎಚ್ಚರ ಹೆಚ್ಚುತ್ತದೆ. ತಪ್ಪನ್ನು ಕಂಡು ನಗಲು ಮಾತ್ರ ತರಗತಿಯಲ್ಲಿ ಯಾವ ಕಾರಣಕ್ಕೂ ಅವಕಾಶ ಕೊಡಬೇಡಿ.

ಹಂತ 8: ಆಕರ, ಉಲ್ಲೇಖ, ಕೃತಿಚೌರ್ಯ

ಉತ್ತರವನ್ನು ಪುಸ್ತಕದಲ್ಲಿದ್ದಂತೆಯೇ ಬರೆದರೆ ಹೆಚ್ಚು ಅಂಕ ಎಂದು ಹದಿನೈದು ವರ್ಷ ಕಲಿಸಿ, ಹದಿನಾರನೆಯ ವರ್ಷದಲ್ಲಿ ಅದನ್ನೇ ಕಳ್ಳತನ ಎನ್ನುತ್ತೇವೆ. ಈ ತಿರುವನ್ನು ಬಾಯಿಬಿಟ್ಟು ವಿವರಿಸಬೇಕು. ಮಹಾಪ್ರಬಂಧ, ಕಿರುಪ್ರಬಂಧಗಳಿಗೆ ಅನ್ವಯಿಸುವ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನಿಯಮಾವಳಿಯ ಪ್ರಕಾರ ಬೇರೆ ಬರಹಗಳೊಡನೆ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡನೆಯಿಲ್ಲ. ಶೇ. 10ಕ್ಕಿಂತ ಮೇಲೆ 40ರವರೆಗೆ ಇದ್ದರೆ 6 ತಿಂಗಳು ಮೀರದ ಅವಧಿಯಲ್ಲಿ ತಿದ್ದಿ ಒಪ್ಪಿಸಬೇಕು. 40ಕ್ಕಿಂತ ಮೇಲೆ 60ರವರೆಗೆ ಇದ್ದರೆ ಒಂದು ವರ್ಷ ಒಪ್ಪಿಸುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದಾಗುತ್ತದೆ. ಸರಿಯಾಗಿ ಉಲ್ಲೇಖಿಸಿದ ಭಾಗ, ಗ್ರಂಥಸೂಚಿ, ಪರಿವಿಡಿಗಳು ಈ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಶೇಕಡಾವಾರು ಇಳಿಸಲು ಪದಗಳನ್ನು ಬದಲಿಸುವ ವಿದ್ಯೆಯನ್ನು ಕಲಿಸಬೇಡಿ. ಮೂಲವನ್ನು ಓದಿ, ಮುಚ್ಚಿಟ್ಟು, ಮನೆಮಾತಿನಲ್ಲಿ ಗೆಳೆಯರಿಗೆ ಹೇಳಿ, ಆ ಹೇಳಿದ್ದನ್ನು ಗುರಿಭಾಷೆಯಲ್ಲಿ ಬರೆದು, ಕೊನೆಗೆ ಮೂಲ ತೆರೆದು ಸರಿನೋಡುವುದನ್ನು ಕಲಿಸಿ. ಎರಡು ಭಾಷೆ ಬಲ್ಲವರಿಗೆ ಇದು ಒಂದೇ ಭಾಷೆ ಬಲ್ಲವರಿಗಿಂತ ಸುಲಭ. ಕನ್ನಡಕ್ಕೆ ಅನುವಾದಿಸಿಕೊಂಡ ಇಂಗ್ಲಿಷ್ ವಿಚಾರಕ್ಕೂ ಆಕರ ಹೇಳಲೇಬೇಕೆಂಬುದು ಅನೇಕರಿಗೆ ಗೊತ್ತಿರುವುದಿಲ್ಲ, ಅದನ್ನೂ ತಿಳಿಸಿ.

ಹಂತ 9: ಯಂತ್ರಾನುವಾದ ಮತ್ತು ಬರೆದುಕೊಡುವ ತಂತ್ರಾಂಶಗಳು

ಇವನ್ನು ನಿಷೇಧಿಸಿ ಪ್ರಯೋಜನವಿಲ್ಲ, ಎಲ್ಲರ ಫೋನಿನಲ್ಲಿಯೂ ಇವೆ. ಓದಲು ಧಾರಾಳವಾಗಿ ಬಳಸಲಿ. ಬರೆಯಲು, ಸ್ವಂತ ಕರಡಿನ ನಂತರವೇ ಬಳಸಲಿ. ಯಂತ್ರ ಕೊಟ್ಟ ವಾಕ್ಯದ ಪ್ರತಿ ಪದವನ್ನೂ ವಿವರಿಸಲು ಬಾರದಿದ್ದರೆ ಆ ವಾಕ್ಯ ಬರಹದಲ್ಲಿ ಇರಕೂಡದು. ಎಲ್ಲಿ ಬಳಸಿದೆ ಎಂದು ಕೊನೆಯಲ್ಲಿ ಒಂದು ಸಾಲು ಬರೆಯಲಿ. ಮೊದಲ ಕರಡನ್ನೂ ಧ್ವನಿಮುದ್ರಿಕೆಯಿಂದ ಇಳಿಸಿದ ಹಾಳೆಯನ್ನೂ ಕಡೆಯ ಪ್ರತಿಯೊಡನೆ ಲಗತ್ತಿಸಲು ಹೇಳಿದರೆ ಬರಹ ಬೆಳೆದ ಹಾದಿ ನಿಮಗೂ ಕಾಣುತ್ತದೆ.

ಹಂತ 10: ಅಂಕ ಮತ್ತು ವಿಭಾಗದ ಹೊಣೆ

ಅಂಕ ಹಂಚಿಕೆಯ ಪಟ್ಟಿಯನ್ನು ಪ್ರಶ್ನೆಯೊಡನೆಯೇ ಕೊಡಿ. 20 ಅಂಕಗಳ ಆಂತರಿಕ ಮೌಲ್ಯಮಾಪನದಲ್ಲಿ ನಾನು ವಾದ ಮತ್ತು ಆಧಾರಕ್ಕೆ 10, ಜೋಡಣೆಗೆ 4, ಆಕರಗಳ ಬಳಕೆಗೆ 3, ಭಾಷಾಶುದ್ಧಿಗೆ 3 ಎಂದು ಇಟ್ಟುಕೊಂಡಿದ್ದೇನೆ. ಕರಡು ಒಪ್ಪಿಸದವರ ಕಡೆಯ ಪ್ರತಿಯನ್ನು ಸ್ವೀಕರಿಸುವುದಿಲ್ಲ. ಕಾರ್ಯಕ್ರಮ ಇಂಗ್ಲಿಷ್ ಮಾಧ್ಯಮದ್ದಾಗಿದ್ದರೂ ಪರೀಕ್ಷೆಯನ್ನು ಸ್ಥಳೀಯ ಭಾಷೆಯಲ್ಲಿ ಬರೆಯಲು ಅವಕಾಶ ಕೊಡಬೇಕೆಂದು ಯುಜಿಸಿ ಏಪ್ರಿಲ್ 2023ರಲ್ಲಿ ವಿಶ್ವವಿದ್ಯಾನಿಲಯಗಳನ್ನು ಕೋರಿತು. ನಿಮ್ಮ ವಿಭಾಗದಲ್ಲಿ ಇದು ಹೇಗೆ ಅನ್ವಯವಾಗುತ್ತದೆ ಎಂಬುದನ್ನು ವಿದ್ಯಾರ್ಥಿಗಳಿಗೆ ಮೊದಲ ವಾರದಲ್ಲಿಯೇ ಸ್ಪಷ್ಟಪಡಿಸಿ.

ಒಬ್ಬ ಅಧ್ಯಾಪಕರಿಂದ ಇಷ್ಟೆಲ್ಲ ಸಾಗುವುದು ಕಷ್ಟ. ವಾರಕ್ಕೆ ಎರಡು ಗಂಟೆ ಗ್ರಂಥಾಲಯದ ಒಂದು ಮೇಜನ್ನು ಬರವಣಿಗೆಯ ಮೇಜೆಂದು ಗೊತ್ತುಮಾಡಿ, ಹಿರಿಯ ವಿದ್ಯಾರ್ಥಿಗಳನ್ನು ಸರದಿಯಂತೆ ಕೂರಿಸಿ. ತೆಲುಗು, ಲಂಬಾಣಿ, ಉರ್ದು ಬಲ್ಲ ಹಿರಿಯರು ಸಿಕ್ಕರೆ ಇನ್ನೂ ಒಳ್ಳೆಯದು. ಸಂಜೆಯ ಬಸ್ಸು ಹಿಡಿದು ಊರಿಗೆ ಹೋಗುವವರೇ ಹೆಚ್ಚಿರುವುದರಿಂದ ಈ ಹೊತ್ತು ಮಧ್ಯಾಹ್ನದ ಊಟದ ಬಿಡುವಿಗೆ ಹೊಂದಿಕೊಂಡಿರಲಿ.

ಹಂತ 11: ಬರೆದದ್ದನ್ನು ಮಾತು ಕೊಟ್ಟವರಿಗೆ ಓದಿ ಹೇಳಿಸಿ

ಕಡೆಯ ಪ್ರತಿಯನ್ನು ಒಪ್ಪಿಸುವ ಒಂದು ವಾರ ಮೊದಲು, ವಿದ್ಯಾರ್ಥಿ ತನ್ನ ಬರಹದ ಸಾರವನ್ನು ತನಗೆ ಮಾಹಿತಿ ಕೊಟ್ಟವರ ಮುಂದೆ ಅವರ ಭಾಷೆಯಲ್ಲಿ ಹೇಳಿ ಬರಬೇಕು. ಅರ್ಥವಾಗದೆ ಬರೆದದ್ದನ್ನು ಯಾರಿಗೂ ಇನ್ನೊಂದು ಭಾಷೆಯಲ್ಲಿ ಹೇಳಲಾಗದು, ಆದುದರಿಂದ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಮಂಡಕ್ಕಿ ಭಟ್ಟಿಯ ಬಗ್ಗೆ ಬರೆದ ವಿದ್ಯಾರ್ಥಿನಿ ತನ್ನ ಪರಿಚ್ಛೇದವನ್ನು ಉರ್ದುವಿನಲ್ಲಿ ಓಣಿಯ ಹೆಂಗಸರಿಗೆ ಹೇಳಿದಾಗ, ಮುಂಗಡ ತೆಗೆದುಕೊಳ್ಳುವುದು ಮಳೆಗಾಲದ ಕೊರತೆಗೆ ಮಾತ್ರವಲ್ಲ, ಜೂನಿನಲ್ಲಿ ಶಾಲೆ ಶುರುವಾಗುವಾಗ ಮಕ್ಕಳ ಖರ್ಚಿಗೂ, ಮನೆಯ ಮದುವೆಗೂ ತೆಗೆದುಕೊಳ್ಳುತ್ತೇವೆ, ಅದನ್ನು ಏಕೆ ಬರೆದಿಲ್ಲ ಎಂದು ಅವರು ಕೇಳಿದರು. ಮರುದಿನ ಅವಳು "ಈ ಕೊರತೆಯನ್ನು ತುಂಬಿಕೊಳ್ಳಲು" ಎಂಬ ಮಾತಿನ ಜೊತೆಗೆ "ಶಾಲೆಯ ಆರಂಭ, ಮದುವೆ ಮೊದಲಾದ ಖರ್ಚಿನ ಹೊತ್ತಿನಲ್ಲಿಯೂ" ಎಂದು ಸೇರಿಸಿಕೊಂಡು ಬಂದಳು. ನಾಲ್ಕನೆಯ ಕರಡಿನ ಆ ಸಾಲಿಗೆ ನಾನು ಪೆನ್ನು ಮುಟ್ಟಿಸಲಿಲ್ಲ.